ಬಲಗೆನ್ನೆಯ ಬಣ್ಣ

“ಬಲಗೆನ್ನೆಗೆ ಮಾತ್ರ ಹಚ್ಚಮ್ಮ,” ಎಂದಳು ತಾಯಿ.

ಅಂಗಡಿ ಹುಡುಗಿಯ ಬೆರಳು ಗಾಳಿಯಲ್ಲೇ ನಿಂತಿತು. ಅಲ್ಲಿಯವರೆಗೆ ಅವಳು ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. ಇದು ಲಿಪ್‌ಸ್ಟಿಕ್ಕೂ ಅಲ್ಲ, ಪೌಡರೂ ಅಲ್ಲ, ತುಟಿಗೂ ಕೆನ್ನೆಗೂ ಒಂದೇ ಕ್ರೀಮು. ಹಚ್ಚಿದ್ದೇ ಗೊತ್ತಾಗುವುದಿಲ್ಲ, ಒಳಗಿನಿಂದಲೇ ರಂಗು ಬಂದ ಹಾಗೆ ತೆಳ್ಳಗೆ ಕೂರುತ್ತದೆ, ಬೆವರಿದರೂ ಹೋಗುವುದಿಲ್ಲ, ಮುಖ ತೊಳೆದರೂ ಹೋಗುವುದಿಲ್ಲ. ಕಂಪನಿಯವರು ಬಾಯಿಪಾಠ ಮಾಡಿಸಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದ್ದಳು ಪಾಪ. ಆದರೆ ಒಂದೇ ಕೆನ್ನೆಗೆ ಬಣ್ಣ ಕೇಳುವ ಗಿರಾಕಿ ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

“ಒಂದೇ ಕೆನ್ನೆಗಾ ಆಂಟಿ?”

“ಎಡಗಡೇದು ಆಗಲೇ ಕೆಂಪಗಿದೆಯಲ್ಲ. ಅದಕ್ಕೆ ಸರಿಹೋಗೋ ಬಣ್ಣ ನೋಡು.”

ಸ್ಟೂಲಿನ ಮೇಲೆ ಕೂತಿದ್ದ ಮಗಳು ಕೆನ್ನೆ ಮುಟ್ಟಿ ನೋಡಿಕೊಂಡಳು. ಎಡಗೆನ್ನೆಯನ್ನು ಕೆಂಪಗೆ ಮಾಡಿದವನು ಅವಳ ಗಂಡ. ಬೆಳಿಗ್ಗೆ ಫೋನಿನ ಚಾರ್ಜರ್ ಸಿಗಲಿಲ್ಲ, ಅಷ್ಟಕ್ಕೇ. ಹಿಂದೆಲ್ಲ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು ಸುಮ್ಮನಾಗುತ್ತಿದ್ದವಳು ಈ ಸಲ ಕೈಗೆ ಸಿಕ್ಕ ಬಟ್ಟೆಯನ್ನು ಬ್ಯಾಗಿಗೆ ತುರುಕಿಕೊಂಡು ಸೀದಾ ತವರಿಗೆ ಬಂದುಬಿಟ್ಟಿದ್ದಳು. “ಅಮ್ಮಾ, ನಾನಿನ್ನು ಅಲ್ಲಿಗೆ ಹೋಗಲ್ಲ. ಇಲ್ಲೇ ಇರ್ತೀನಿ,” ಎಂದಿದ್ದಳು. ತಾಯಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, “ಮೊದಲು ಫೋಟೋ ಒಂದು ಮುಗೀಲಿ,” ಎಂದಿದ್ದಳು. ತಂಗಿಗೆ ಮದುವೆ ಗೊತ್ತಾಗಿತ್ತು. ಎರಡೂ ಮನೆಯವರು ಒಟ್ಟಿಗೆ ಕೂತು ಫೋಟೋ ತೆಗೆಸಿಕೊಳ್ಳುವುದೆಂದು ಮಾತಾಗಿ, ಅಪ್ಪ, ತಂಗಿ, ಬೀಗರೆಲ್ಲ ಆಗಲೇ ಎದುರುಗಡೆಯ ಸ್ಟುಡಿಯೋ ಸೇರಿದ್ದರು. ಮಗಳ ಬ್ಯಾಗು ಮನೆಯ ಬಾಗಿಲಲ್ಲಿ, ಚಪ್ಪಲಿಗಳ ಪಕ್ಕದಲ್ಲೇ ಉಳಿದಿತ್ತು. ಒಳಗಿಡು ಎಂದು ತಾಯಿ ಹೇಳಿರಲಿಲ್ಲ. ‘ಇರು’ ಎಂಬ ಒಂದೇ ಒಂದು ಮಾತಿಗಾಗಿ ಮಗಳು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಹುಡುಗಿ ಒಂದೊಂದೇ ಡಬ್ಬಿ ತೆರೆದು, ಬಣ್ಣವನ್ನು ತನ್ನ ಕೈ ಹಿಂಬದಿಗೆ ಸವರಿಕೊಂಡು ಆ ಎಡಗೆನ್ನೆಯ ಪಕ್ಕ ಹಿಡಿದು ನೋಡಿದಳು. ಒಂದು ತೀರಾ ಗುಲಾಬಿಯಾಯಿತು, ಇನ್ನೊಂದು ಇಟ್ಟಿಗೆಪುಡಿಯ ಹಾಗೆ ಕಂಡಿತು. ಮೂರನೆಯದು ಹೇಳಿ ಮಾಡಿಸಿದ ಹಾಗೆ ಹೊಂದಿತು.

“ಅಲರ್ಜಿನಾ ಅಕ್ಕಾ?” ಎಂದಳು ಮೆಲ್ಲಗೆ.

“ಬಿಸಿಲು,” ಎಂದಳು ತಾಯಿ.

“ಬಿಸಿಲಲ್ಲ, ನನ್ನ ಗಂಡ,” ಎಂದಳು ಮಗಳು.

ತಾಯಿ ನಕ್ಕುಬಿಟ್ಟಳು. “ಇವಳದು ಯಾವಾಗಲೂ ತಮಾಷೆ. ನೀನು ಹಚ್ಚಮ್ಮ, ಹೊತ್ತಾಯ್ತು.”

ಹುಡುಗಿ ತಲೆ ತಗ್ಗಿಸಿ ಬಲಗೆನ್ನೆಯ ಮೇಲೆ ಕ್ರೀಮನ್ನು ದುಂಡಗೆ ಉಜ್ಜತೊಡಗಿದಳು. ಎರಡು ಸುತ್ತು ಮುಗಿಯುವಷ್ಟರಲ್ಲಿ ತಾಯಿಗೆ ತಡೆಯಲಾಗಲಿಲ್ಲ. “ಹಾಗಲ್ಲ, ಕೊಡಿಲ್ಲಿ,” ಎಂದು ಡಬ್ಬಿ ಕಿತ್ತುಕೊಂಡಳು. ಬೆರಳ ತುದಿಯಲ್ಲಿ ಚೂರು ತೆಗೆದು, ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಮಗಳ ಕೆನ್ನೆಯ ಮೇಲೆ ಮೆತ್ತಗೆ ಒತ್ತುತ್ತ ಬಂದಳು.

“ಉಜ್ಜಬಾರದು, ಒತ್ತಬೇಕು. ಕಿವಿ ಹತ್ತಿರ ಜಾಸ್ತಿ, ಮೂಗಿನ ಕಡೆ ಬರ್ತಾ ಬರ್ತಾ ಕಮ್ಮಿ. ಕೈ ಬೀಳೋದೇ ಹಾಗಲ್ವಾ? ಹೂಂ, ಈಗ ತುಟಿಗೂ ಚೂರು ತಗೋ. ತುಟಿಗಿದ್ರೆ ನೋಡೋರ ಕಣ್ಣು ಕೆನ್ನೆ ಮೇಲೆ ನಿಲ್ಲಲ್ಲ.”

ಮಗಳು ತಟ್ಟನೆ ಮುಖ ಎತ್ತಿದಳು. “ಅಮ್ಮಾ, ಇದೆಲ್ಲ ನಿನಗೆ ಹೇಗೆ ಗೊತ್ತು?”

“ನಮ್ಮ ಕಾಲದಲ್ಲಿ ಇಂಥ ಡಬ್ಬಿ ಎಲ್ಲಿತ್ತು? ಬೀಟ್‌ರೂಟ್ ತುರಿದು ಹಿಂಡ್ಕೋಬೇಕಿತ್ತು,” ಎಂದಳು ತಾಯಿ, ಕೈ ನಿಲ್ಲಿಸದೆ.

ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಸ್ಟಾಂಪು ಕೊಡುತ್ತಿದ್ದ ಅಮ್ಮ ಮಗಳಿಗೆ ನೆನಪಾದಳು. ನಿಮ್ಮಮ್ಮನ ಕೆನ್ನೆ ನೋಡೇ, ಹೇಗೆ ಹೊಳೆಯುತ್ತೆ ಎಂದು ಶಾಲೆಯ ಗೆಳತಿಯರು ಹೊಟ್ಟೆಕಿಚ್ಚು ಪಡುತ್ತಿದ್ದರು. ಮಗಳಿಗೋ ಆಗ ಜಂಬವೋ ಜಂಬ. ಅಪ್ಪನನ್ನಂತೂ ಬೀದಿಯವರೆಲ್ಲ ಸಾಧು ಪ್ರಾಣಿ ಎನ್ನುತ್ತಿದ್ದರು. ಅವಳೂ ಹಾಗೆಯೇ ನಂಬಿದ್ದಳು. ಈಗ ಆ ಜಂಬ ನೆನೆದು ತನ್ನ ಮೇಲೇ ಹೇಸಿಗೆಯಾಯಿತು. ಅಪ್ಪನ ಮೇಲೆ ಸಿಟ್ಟು ಉಕ್ಕಿತು. ಅಮ್ಮನನ್ನು ಅಲ್ಲೇ, ಅಂಗಡಿಯಲ್ಲೇ ತಬ್ಬಿಕೊಂಡು ಅತ್ತುಬಿಡಬೇಕೆನಿಸಿತು. ಅದರ ಹಿಂದೆಯೇ ಒಂದು ಧೈರ್ಯವೂ ಬಂತು. ಏಟು ತಿಂದವಳಿಗೆ ಏಟಿನ ನೋವು ತಿಳಿಯದೆ ಇರುತ್ತದೆಯೇ? ಅಮ್ಮ ಇನ್ನು ಖಂಡಿತ ಕೈಬಿಡುವುದಿಲ್ಲ. ಫೋಟೋ ಮುಗಿಯಲಿ, ಮನೆಗೆ ಹೋದ ಮೇಲೆ ಇರು ಅಂತಾಳೆ.

ಹುಡುಗಿ ಕನ್ನಡಿ ಹಿಡಿದಳು. ಎರಡು ಕೆನ್ನೆಗೂ ಒಂದೇ ರಂಗು. ಯಾವುದು ಗಂಡನದು, ಯಾವುದು ಡಬ್ಬಿಯದು ಎಂದು ಮಗಳಿಗೇ ಗುರುತು ಹತ್ತಲಿಲ್ಲ.

ತಾಯಿ ದೂರ ಸರಿದು ನಿಂತು, ಕಣ್ಣು ಕಿರಿದು ಮಾಡಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದಳು. “ಇದೇ ಬಣ್ಣದ್ದು ಎರಡು ಕೊಡಮ್ಮ.”

ಹುಡುಗಿಗೂ ಜೀವ ಬಂದ ಹಾಗಾಯಿತು. “ನಿಮಗೊಂದು, ಅಕ್ಕನಿಗೊಂದಾ ಆಂಟಿ?”

“ಇಲ್ಲಮ್ಮ, ಎರಡೂ ಅವಳಿಗೇ,” ಎಂದಳು ತಾಯಿ. “ಅವಳ ಮನೇಲಿ ಇರಲಿ.”