ಡಿಸ್ಕ್ ಸತ್ತಿಲ್ಲ

"ಹಳೇದೆಲ್ಲ ಅಳಿಸಿ ಹೊಸದಾಗಿ ಶುರುಮಾಡು ಅಂದೆನಲ್ಲ, ಇನ್ನೂ ಏನು ಕೆದಕ್ತಾ ಕೂತಿದ್ದೀಯಾ?" ಸರ್ವರ್ ಕೋಣೆಯ ಬಾಗಿಲಲ್ಲೇ ನಿಂತು ಮ್ಯಾನೇಜರ್ ಗದರಿದ.

ಅವಳು ತಲೆ ಎತ್ತಲಿಲ್ಲ. "ಅಳಿಸಲ್ಲ ಭಾವ."

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯ ಮ್ಯಾನೇಜರ್ ಅವಳ ಅಕ್ಕನ ಗಂಡ. ಕಂಪ್ಯೂಟರು ನೋಡಿಕೊಳ್ಳುವ ಈ ಕೆಲಸ ಅವಳಿಗೆ ಸಿಕ್ಕಿದ್ದೂ ಅವನ ಮಾತಿನಿಂದಲೇ. ಕಳೆದ ವಾರ ರಟ್ಟು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಕೆಲಸದ ಹೆಂಗಸೊಬ್ಬಳ ಅಂಗೈ ಹೋಗಿತ್ತು. ಮೈಮೇಲೆ ಎಚ್ಚರವಿಲ್ಲದೆ ಆಕೆಯೇ ಕೈಹಾಕಿದಳು ಅಂತ ತನಿಖೆಗೆ ಬಂದ ಅಧಿಕಾರಿಗಳ ಮುಂದೆ ಕಂಪನಿ ಸಾಧಿಸುತ್ತಿತ್ತು. ನಿಜ ಏನೆಂದು ಹೇಳಬೇಕಾದ ಕ್ಯಾಮೆರಾ ದೃಶ್ಯಗಳು ನಾಲ್ಕು ಡಿಸ್ಕುಗಳಲ್ಲಿ ಹಂಚಿಹೋಗಿದ್ದವು. ಒಂದು ಕೆಟ್ಟರೆ ಉಳಿದ ಮೂರು ಹೇಗೋ ನಿಭಾಯಿಸುತ್ತವೆ. ಇಲ್ಲಿ ಎರಡು ಮಲಗಿಬಿಟ್ಟಿದ್ದವು.

"ಸತ್ತ ಡಿಸ್ಕಿಗೆ ಯಾಕೆ ಜೀವ ತೇಯ್ತೀಯಾ? ಏನೂ ಸಿಗಲಿಲ್ಲ ಅಂತ ಎರಡು ಸಾಲು ಬರೆದುಕೊಡು, ಮುಗೀತು."

"ಸತ್ತಿರೋದು ಒಂದೇ. ಇನ್ನೊಂದಕ್ಕೆ ಅಲ್ಲಲ್ಲಿ ಪೆಟ್ಟು ಬಿದ್ದಿದೆ, ಅಷ್ಟೆ. ಅದನ್ನೂ ಸೇರಿಸಿ ಮೂರನ್ನೂ ಬೇರೆ ಡಿಸ್ಕುಗಳಿಗೆ ನಕಲು ಮಾಡಿದ್ದೀನಿ. ಈಗ ಆ ನಕಲುಗಳನ್ನ ಜೋಡಿಸ್ತೀನಿ."

ಅವನು ಸರ್ರನೆ ಬಂದು ಕೀಬೋರ್ಡಿನತ್ತ ಕೈಚಾಚಿದ. ಅವಳು ಅದನ್ನು ಎಳೆದು ಮಡಿಲಿಗಿಟ್ಟುಕೊಂಡಳು. "ಬೇಕಾದ್ರೆ ಕೆಲಸದಿಂದ ಈಗಲೇ ತೆಗೀರಿ. ಇದನ್ನ ಮಾತ್ರ ಮುಟ್ಟಬೇಡಿ." ಕೀಬೋರ್ಡ್ ಬಿಡದೆ ಜೋಡಿಸುವ ಕಮಾಂಡ್ ಕೊಟ್ಟೇಬಿಟ್ಟಳು.

ಕಂಪ್ಯೂಟರು ಒಪ್ಪಲಿಲ್ಲ. ಪೆಟ್ಟುಬಿದ್ದ ಡಿಸ್ಕಿನಲ್ಲಿ ಕೊನೆಯ ಕೆಲವು ಕ್ಷಣಗಳ ದಾಖಲೆ ಇರಲಿಲ್ಲ, ಮಿಕ್ಕೆರಡಕ್ಕಿಂತ ಅದು ಒಂಚೂರು ಹಿಂದೆ ಉಳಿದಿತ್ತು. ಹಿಂದಿದ್ದರೂ ಸರಿ, ಸೇರಿಸಿಕೋ ಅಂತ ಬಲವಂತ ಮಾಡಿದಳು. ಪರದೆ ಗರಬಡಿದಂತೆ ನಿಂತಿತು. ಆಮೇಲೆ ತಾರೀಖುವಾರು ಫೋಲ್ಡರುಗಳು ಒಂದೊಂದಾಗಿ ಮೂಡತೊಡಗಿದವು.

ಅಪಘಾತದ ದಿನದ್ದನ್ನು ತೆರೆದಳು. ದೃಶ್ಯ ಅಲ್ಲಲ್ಲಿ ಚೌಕಚೌಕವಾಗಿ ಒಡೆಯುತ್ತಿತ್ತು, ಆದರೂ ಕಂಡಿತು. ಯಂತ್ರದ ಬಾಯಿಗೆ ಕೈ ಹೋಗದಂತೆ ಅಡ್ಡವಿದ್ದ ಜಾಲರಿಯನ್ನು ಇಬ್ಬರು ಬಿಚ್ಚಿ ಪಕ್ಕಕ್ಕಿಡುತ್ತಿದ್ದರು. ಬೇಗ ಬೇಗ ಅಂತ ಕೈಬೀಸುತ್ತ ನಿಂತಿದ್ದವನು ಭಾವ. ಆ ಹೆಂಗಸು ಯಂತ್ರದ ಕಡೆ ತೋರಿಸಿ ಏನೋ ಹೇಳಿದಳು. ಅವನು ಗೋಡೆ ಗಡಿಯಾರ ತೋರಿಸಿದ.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಭಾವ ಕುರ್ಚಿಗೆ ಕುಸಿದ. ಮೆಲ್ಲಗೆ ಕೇಳಿದ, "ನಿನ್ನ ಅಕ್ಕನಿಗೆ ಏನಂತ ಹೇಳ್ತೀಯಾ?"

ಅವಳು ಆ ದೃಶ್ಯವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಎದ್ದಳು.

"ಅಕ್ಕನಿಗೆ ನೀವೇ ಹೇಳಿ ಭಾವ. ನಾನು ತನಿಖೆಯವರಿಗೆ ಹೇಳ್ತೀನಿ."