ಬಾತುಕೋಳಿಗೆ ಬಾರದ ಕಾಮಾಲೆ

ಹೊನ್ನವಳ್ಳಿಯ ಮನೆಗೆ ಕಾಲಿಟ್ಟ ಇಂಪನಾ ಬ್ಯಾಗು ಕೆಳಗಿಡುವುದನ್ನೇ ಮರೆತಳು. ಕೊಬ್ಬರಿ ಸುಲಿಯುತ್ತ ಕೂತಿದ್ದ ಅಮ್ಮನ ಕಣ್ಣು ಹಳದಿಯಾಗಿತ್ತು.

"ಯಾವಾಗಿಂದಮ್ಮ ಇದು?"

"ನಾಕೈದು ದಿನ ಆಯ್ತು ಕಣೇ. ಪಕ್ಕದೂರಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕೊಡ್ತಾರಂತೆ. ಹೋಗಿ ಬತ್ತೀನಿ ಬುಡು," ಎಂದಳು ಚಿಕ್ಕಗೌರಮ್ಮ.

ಅವಳ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇರುವುದು ಬಸುರಿಯಾಗಿದ್ದಾಗಲೇ ಗೊತ್ತಾಗಿತ್ತು. ಮಗುವಿಗೆ ಹುಟ್ಟಿದ ದಿನವೇ ಲಸಿಕೆ ಹಾಕಿದ್ದರು. ತಾಯಿಯೊಳಗಿನ ವೈರಸ್ ಮಾತ್ರ ಸದ್ದಿಲ್ಲದೆ ಉಳಿದುಕೊಂಡಿತ್ತು. ಆ ಮಗುವೇ ಇಂಪನಾ. ಈಗ ಬಾತುಕೋಳಿಗಳಲ್ಲಿರುವ ಇದೇ ಜಾತಿಯ ವೈರಸ್ ಮೇಲೆ ಸಂಶೋಧನೆ ಮಾಡುತ್ತಿದ್ದಳು.

"ಇಷ್ಟು ವರ್ಷ ಸುಮ್ನಿದ್ದದ್ದು ಈಗ್ಯಾಕೆ ಎದ್ದಿತು? ಹೊಸದಾಗಿ ಏನಾದ್ರೂ ತಗಂಡ್ಯಾ?"

"ಏನಿಲ್ಲ..." ಚಿಕ್ಕಗೌರಮ್ಮ ತಡವರಿಸಿದಳು. "ಮಂಡಿನೋವಿಗೆ ಒಂದು ಮಾತ್ರೆ. ದಿನಾ ನುಂಗ್ತಿದ್ದೆ. ತೋಟದಲ್ಲಿ ಮೊದಲಿನಂಗೆ ಓಡಾಡ್ತಿದ್ದೆ ಕಣೇ."

ಅಮ್ಮ ಸೆರಗಿನಿಂದ ಬಿಚ್ಚಿಕೊಟ್ಟ ಮಾತ್ರೆಯ ಪಟ್ಟಿಯನ್ನು ಇಂಪನಾ ತಿರುಗಿಸಿ ಓದಿದಳು. ಸ್ಟೀರಾಯ್ಡ್. ಅದು ದೇಹದ ಕಾವಲನ್ನು ಸಡಿಲಿಸುತ್ತದೆ, ಮಲಗಿದ ವೈರಸ್ಸಿನ ಜೀನುಗಳನ್ನೂ ಎಬ್ಬಿಸುತ್ತದೆ ಎಂದು ಅವಳು ಎಷ್ಟೋ ಸಲ ಓದಿದ್ದಳು. ಅಮ್ಮನ ಸೆರಗಿನ ಗಂಟಿನಲ್ಲಿ ಅದು ಸಿಗಬಹುದೆಂದು ಎಣಿಸಿರಲಿಲ್ಲ.

ಕೂಡಲೇ ತುಮಕೂರಿನ ಆಸ್ಪತ್ರೆಗೆ ಕರೆದೊಯ್ದಳು. ವೈದ್ಯರು ಸ್ಟೀರಾಯ್ಡನ್ನು ಹಂತಹಂತವಾಗಿ ಇಳಿಸಿ, ವೈರಸ್ಸಿಗೆ ಬೇರೆ ಔಷಧಿ ಶುರುಮಾಡಿದರು. ಮೊದಲ ವಾರ ಅಮ್ಮನಿಗೆ ಊಟ ಸೇರಲಿಲ್ಲ. ಇಂಪನಾಗೆ ನಿದ್ದೆ ಬರಲಿಲ್ಲ. ಆಮೇಲೆ ನಿಧಾನವಾಗಿ ಅಮ್ಮನ ಕಣ್ಣು ಬೆಳ್ಳಗಾಯಿತು.

ಒಂದು ಮಧ್ಯಾಹ್ನ ಊಟ ಮಾಡುತ್ತಿದ್ದ ಚಿಕ್ಕಗೌರಮ್ಮ ಕೇಳಿದಳು:

"ನಿನ್ನ ಬಾತುಕೋಳಿಗೂ ಕಾಮಾಲೆ ಬತ್ತದಾ?"

"ಸಾಮಾನ್ಯವಾಗಿ ಇಲ್ಲಮ್ಮ. ವೈರಸ್ ಮೈತುಂಬ ಇದ್ರೂ ಆರಾಮಾಗಿ ಈಜ್ತಿರ್ತವೆ."

"ಮತ್ತೆ ನಂದು? ಪೂರ್ತಿ ಹೋಯ್ತಾ?"

"ಹೋಗಲ್ಲ. ಲಿವರ್‌ನಲ್ಲೇ ಅಡಗಿರ್ತದೆ."

"ಕೈ, ಕಾಲು ಎಲ್ಲ ಬಿಟ್ಟು ಅಲ್ಲೇ ಯಾಕೆ?"

ಇಂಪನಾ ತುತ್ತು ತಟ್ಟೆಯಲ್ಲೇ ಬಿಟ್ಟಳು. ಇದನ್ನು ಅಮ್ಮ ಕೇಳಿದ್ದಕ್ಕೆ ಅವಳಿಗೆ ಖುಷಿಯಾಯಿತು. "ಅದರ ಜೀನಿಗೆ ಒಂಥರಾ ಸ್ವಿಚ್ ಇದೆ. ಒತ್ತಕ್ಕೆ ಅದಕ್ಕೆ ಕೈ ಇಲ್ಲ. ಲಿವರ್‌ನ ಪ್ರೋಟೀನುಗಳು ಬಂದು ಒತ್ತಬೇಕು. ಆಗಲೇ ಅದು ಬೆಳೆಯೋದು."

ಚಿಕ್ಕಗೌರಮ್ಮ ಲಿವರ್ ಇರುವ ಬಲಪಕ್ಕೆಯ ಮೇಲೆ ಅಂಗೈಯಿಟ್ಟುಕೊಂಡಳು.

"ಅಂದ್ರೆ," ಎಂದಳು ಮೆಲ್ಲಗೆ, "ಇಷ್ಟು ವರ್ಷ ಒತ್ತುತ್ತಿದ್ದೋಳು ನಾನೇ ಏನೇ?"