ರಬ್ಬರ್ ಬಳೆ

ಹೊಸ ಆಯಿಲ್ ಸುರಿದು, ಮುಚ್ಚಳ ಬಿಗಿದು, ನರ್ಸಮ್ಮ ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. "ಹೇಗಿದೆ?" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು. ಕಾರಿನ ಕೆಳಗಿನಿಂದ ಉತ್ತರ ಬರಲಿಲ್ಲ. ಉತ್ತರ ಕೊಡುತ್ತಿದ್ದ ಗಂಡ ತೀರಿಹೋಗಿ ಐದು ತಿಂಗಳಾಗಿತ್ತು. ತನ್ನ ಮರೆವಿಗೆ ತಾನೇ ನಾಚಿಕೊಂಡು, ಇಳಿದು ಬಗ್ಗಿ ನೋಡಿದಳು. ಈಗ ತಾನೇ ಹಾಕಿದ ಆಯಿಲ್, ಫಿಲ್ಟರಿನ ಸುತ್ತಲಿಂದ ಧಾರೆಯಾಗಿ ಸುರಿಯುತ್ತಿತ್ತು. ಎದ್ದೆನೋ ಬಿದ್ದೆನೋ ಎಂದು ಓಡಿ ಎಂಜಿನ್ ಆರಿಸುವಷ್ಟರಲ್ಲಿ ಶೆಡ್ಡಿನ ನೆಲದ ಮೇಲೆ ಚಾಪೆಯಗಲ ಆಯಿಲ್ ಹರಡಿಕೊಂಡಿತ್ತು.

ಬೆಳಿಗ್ಗೆಯಿಂದ ಆ ಕಾರು ಅವಳ ಪ್ರಾಣ ಹಿಂಡಿತ್ತು. ಮುಂದಿನ ಚಕ್ರಗಳನ್ನು ಕಬ್ಬಿಣದ ಇಳಿಜಾರಿನ ಮೇಲೆ ಹತ್ತಿಸಲು ನಾಲ್ಕು ಸಲ ಹಿಂದೆ ಮುಂದೆ ಆಡಿದ್ದಳು. ಹಳೆಯ ಆಯಿಲ್ ಇಳಿಸುವ ಕೆಳಗಿನ ಬೋಲ್ಟನ್ನು ಅರ್ಧ ಗಂಟೆ ಬಿಚ್ಚಿದಳು. ಆಮೇಲೆ ಗೊತ್ತಾಯಿತು, ಅಷ್ಟು ಹೊತ್ತೂ ಬಿಗಿಯುತ್ತಿದ್ದಳೆಂದು. ಕೊನೆಗೆ ಅದು ಬಿಚ್ಚಿಕೊಂಡಾಗ ಬಿಸಿ ಆಯಿಲ್ ತೋಳಿನೊಳಗೆ ಇಳಿದು ಮೊಣಕೈ ದಾಟಿತ್ತು. ಆಸ್ಪತ್ರೆಯಲ್ಲಿ ಸಿಗದ ನರವನ್ನೂ ಹುಡುಕಿ ಸೂಜಿ ಚುಚ್ಚುವ ಕೈ, ಇಲ್ಲಿ ಒಂದು ಬೋಲ್ಟಿನ ಮುಂದೆ ಮಂಡಿಯೂರಿತ್ತು.

ಹಾಗಂತ ಕೆಲಸವೇನೂ ಹೊಸದಲ್ಲ. ಹನ್ನೊಂದು ವರ್ಷ ಗಂಡ ಹೆಂಡತಿ ಸೇರಿಯೇ ಆಯಿಲ್ ಬದಲಾಯಿಸಿದ್ದರು. ಅವನು ಕೆಳಗೆ, ಇವಳು ಮೇಲೆ. ಆಯಿಲ್ ಸುರಿಯುವುದು, ಕಡ್ಡಿ ಅದ್ದಿ ಗೆರೆ ನೋಡುವುದು, ಹೇಳಿದಾಗ ಸ್ಟಾರ್ಟ್ ಮಾಡುವುದು ಇವಳ ಪಾಲು. ಕೆಳಗೆ ಏನು ನಡೆಯುತ್ತದೆಂದು ಇವಳು ಬಗ್ಗಿ ನೋಡಿದವಳೇ ಅಲ್ಲ. ಅಲ್ಲಿಂದ ಬರುತ್ತಿದ್ದದ್ದು ಅವನ ದನಿ, ಮತ್ತೆ ಪ್ರತಿ ಸಲವೂ ಒಂದು ಕೈ. ಆ ಕೈಯಲ್ಲಿ ಮಸಿ ಮೆತ್ತಿದ ರಬ್ಬರಿನ ಉಂಗುರ.

"ತಗೊಳೇ, ನಿನಗೊಂದು ಬಳೆ."

"ಥೂ, ನಿಮ್ಮ ಬಳೆಗಿಷ್ಟು ಬೆಂಕಿ ಹಾಕ!" ಎಂದು ಎರಡೇ ಬೆರಳಲ್ಲಿ ಹಿಡಿದು ಕಸದ ಬುಟ್ಟಿಗೆ ಎಸೆಯುತ್ತಿದ್ದಳು.

"ಬಂತಾ ಕೈಗೆ?"

"ಬಂತು, ಬಂತು."

"ಹಾಗಾದ್ರೆ ಹೊಸ ಫಿಲ್ಟರ್ ಕೊಡು." ಅವನ ಹಳಸಲು ತಮಾಷೆಗೆ ಇವಳು ಒಂದು ಸಲವೂ ನಕ್ಕಿರಲಿಲ್ಲ.

ಆಯಿಲ್ ಮೇಲೆ ಹಳೆಯ ಬೆಡ್‌ಶೀಟು ಹಾಸುತ್ತಿದ್ದಾಗ ಗೇಟು ಸದ್ದಾಯಿತು. ಮೈದುನ. ಸಂಜೆ ಬಾ ಎಂದರೆ ಮಧ್ಯಾಹ್ನಕ್ಕೇ ಬಂದಿದ್ದ. ಹೋದ ವಾರ ಅವನು, "ಇದನ್ನೆಲ್ಲ ನೋಡಿಕೊಳ್ಳೋದು ನಿಮ್ಮ ಕೈಲಾಗಲ್ಲ ಅತ್ತಿಗೆ, ಮಾರಿಬಿಡೋಣ" ಎಂದಿದ್ದ. "ಆಯಿಲ್ ನಾನೇ ಬದಲಾಯಿಸ್ತೀನಿ. ಕಾರು ಓಡಿದ್ರೆ ಇರ್ಲಿ, ಇಲ್ದಿದ್ರೆ ತಗೊಂಡು ಹೋಗು" ಎಂದು ಇವಳೂ ಪಟ್ಟು ಹಿಡಿದಿದ್ದಳು. ಗಂಡನ ಬಟ್ಟೆಗಳನ್ನು ಯಾರಿಗೋ ಕೊಟ್ಟಾಗಿತ್ತು, ಕನ್ನಡಕ ಎಲ್ಲಿ ಹೋಯಿತೋ ತಿಳಿಯದು. ಉಳಿದದ್ದು ಈ ಕಾರೊಂದೇ. ಅದೂ ಹೋದರೆ ಮನೆಯಲ್ಲಿ ತಾನೊಬ್ಬಳೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೈದುನ ನೆಲ ನೋಡಿದ, ಅತ್ತಿಗೆಯ ತೋಳು ನೋಡಿದ. "ನಾನು ಹೇಳಿರಲಿಲ್ವಾ?" ಎಂದ. ಕೆಟ್ಟವನಲ್ಲ, ಮರುಕದಿಂದಲೇ ಹೇಳಿದ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ಹತ್ತು ನಿಮಿಷ ಬಾಯಿ ಮುಚ್ಕೊಂಡು ನಿಂತಿರು," ಎಂದು ಮತ್ತೆ ಕಾರಿನ ಕೆಳಗೆ ತೂರಿದಳು.

ಹೊಸ ಫಿಲ್ಟರನ್ನು ತಿರುಗಿಸಿ ಬಿಚ್ಚಿದಳು. ಅದರ ಅಂಚಿನಲ್ಲಿ ಹೊಸ ರಬ್ಬರ್ ಇತ್ತು. ಟಾರ್ಚ್ ಹಿಡಿದು ಮೇಲೆ ನೋಡಿದರೆ ಎಂಜಿನ್ನಿಗೆ ಅಂಟಿಕೊಂಡು ಇನ್ನೊಂದು ರಬ್ಬರ್. ಹಳೆಯದು! ಫಿಲ್ಟರಿನ ಜೊತೆ ಬಾರದೆ ಅಲ್ಲೇ ಕೂತಿತ್ತು. ಒಂದರ ಮೇಲೊಂದು ಕೂತರೆ ಸೋರದೆ ಇನ್ನೇನು? ಉಗುರಿನಿಂದ ಎಬ್ಬಿಸಿದಾಗ ಅದು ಸಲೀಸಾಗಿ ಅಂಗೈಗೆ ಬಿತ್ತು.

ಅವಳು ಅಲ್ಲೇ ಅಂಗಾತ ಮಲಗಿ ಅದನ್ನು ನೋಡಿದಳು. ಬಂತಾ ಕೈಗೆ? ಬಂತು, ಬಂತು. ಹನ್ನೊಂದು ವರ್ಷ ಅವನು ತಮಾಷೆ ಮಾಡುತ್ತಿರಲಿಲ್ಲ. ಹಳೆಯದು ಹೊರಗೆ ಹೋಯಿತೆಂದು ಇವಳ ಬಾಯಲ್ಲಿ ಕೇಳಿಸಿಕೊಂಡೇ ಹೊಸದಕ್ಕೆ ಕೈ ಹಾಕುತ್ತಿದ್ದ. ಅಥವಾ ತಮಾಷೆಯನ್ನೂ ಮಾಡುತ್ತಿದ್ದನೋ ಏನೋ. ಈಗ ಯಾರನ್ನು ಕೇಳುವುದು? ಅವಳಿಗೇ ತಿಳಿಯದಂತೆ ರಬ್ಬರ್ ಹಿಡಿದ ಕೈ ಹೊರಗೆ ಚಾಚಿಕೊಂಡಿತು.

"ಏನತ್ತಿಗೆ ಇದು? ಕಸವಾ? ಎಸೀಲಾ?"

ಕೈ ಸರಕ್ಕನೆ ಒಳಗೆ ಹೋಯಿತು. "ಬೇಡ. ಆ ಬಟ್ಟೆ ಕೊಡು."

ಒರೆಸಿ, ಫಿಲ್ಟರನ್ನು ಮತ್ತೆ ಕೂರಿಸಿ ಕೈಯಿಂದಲೇ ಬಿಗಿದಳು. ಡಬ್ಬಿಯಲ್ಲಿ ಉಳಿದಿದ್ದ ಆಯಿಲನ್ನು ಮೈದುನನೇ ಸುರಿದ, ಕಡ್ಡಿ ಅದ್ದಿ ಗೆರೆ ಮುಟ್ಟಿತೆಂದ. "ಈಗ ಸೀಟಲ್ಲಿ ಕೂತ್ಕೋ," ಎಂದಳು ಕೆಳಗಿನಿಂದ. "ನ್ಯೂಟ್ರಲ್ಲಲ್ಲಿದೆಯಾ ನೋಡು. ಹ್ಯಾಂಡ್‌ಬ್ರೇಕ್ ನೋಡು. ಹಾಂ, ಹಾಕು."

ಎಂಜಿನ್ ಗುರುಗುಟ್ಟಿತು. ಒಂದು ನಿಮಿಷ, ಎರಡು ನಿಮಿಷ. ಒಂದು ಹನಿಯೂ ಬೀಳಲಿಲ್ಲ.

"ಹೇಗಿದೆ ಅತ್ತಿಗೆ?" ಮೈದುನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. "ಸೋರ್ತಿದೆಯಾ?"

"ಇಲ್ಲ. ಆರಿಸು."

ಅವಳು ತೆವಳಿಕೊಂಡು ಹೊರಗೆ ಬಂದಳು. ಎದ್ದು ನಿಲ್ಲಲು ಮೈದುನ ಕೈ ಕೊಟ್ಟ. ಕಾರಿನ ಮಾತು ಅವನು ಎತ್ತಲಿಲ್ಲ. ಅವನ ಕಣ್ಣು ಅವಳ ಮಣಿಕಟ್ಟಿನ ಮೇಲಿತ್ತು.

"ಅದನ್ನ ತೆಗೀರಿ ಅತ್ತಿಗೆ, ಕೈಯೆಲ್ಲ ಮಸಿ."

"ಇರ್ಲಿ ಬಿಡೋ," ಎಂದಳು. "ಅಳತೆ ಸರಿಯಾಗಿದೆ."